ಬೇಳೆಗೆ ಮೂರು ಕೂಗು

ನಮ್ಮ ತಂಡದಲ್ಲಿ ಎಂಟು ಜನ. ಅಂದರೆ ಮಂಡಿಗಳು ಹದಿನಾರು. ಅವುಗಳಲ್ಲಿ ತಕರಾರಿಲ್ಲದೆ ಮಡಚಿ ಏಳುವವು ಒಂಬತ್ತು. ಹತ್ತನೆಯದು, ಮಹಡಿ ಮನೆಯವರ ಎಡಗಾಲಿನದು, ಮೋಡವಿಲ್ಲದ ದಿನ ಮಾತ್ರ ನಮ್ಮ ಪಕ್ಷ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಯಾವ ಕೆಲಸಕ್ಕೆ ಇಳಿಯುವ ಮೊದಲೂ ಕೈಯಲ್ಲಿ ಏನಿದೆ ಎಂದು ಎಣಿಸಿಕೊಳ್ಳುವುದು ಚಟವಾಗಿಬಿಟ್ಟಿದೆ. ಎಣಿಸಿದ ಮೇಲೂ ಇಳಿದೆ ಎಂಬುದು ಬೇರೆ ಮಾತು.

ಹೆಸರುಗಳನ್ನು ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಹೆಂಗಸರಿಗೆ ಹೆಸರಿಗಿಂತ ಮನೆಯೇ ಗುರುತು. ಕಾರ್ನರ್ ಮನೆಯವರು, ಮಹಡಿ ಮನೆಯವರು, ಬ್ಯಾಂಕಿನವರು, ಕೊಡಗಿನವರು, ಹುಬ್ಬಳ್ಳಿಯವರು, ಎದುರು ಮನೆಯ ಅತ್ತೆ, ಎದುರು ಮನೆಯ ಸೊಸೆ. ನಾನು ಮೇಷ್ಟ್ರಮ್ಮ. ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆ ನಮ್ಮದು. ಅದರ ತುದಿಗೆ ಪಾರ್ಕು, ಪಾರ್ಕಿನಲ್ಲಿ ಒಂದು ಹೊಂಗೆಮರ.

ಶುರುವಾದದ್ದು ಮೊಬೈಲಿಗೆ ಬಂದ ಒಂದು ಪ್ರಕಟಣೆಯಿಂದ. ರಾಜ್ಯೋತ್ಸವದ ಪ್ರಯುಕ್ತ ಒಂದು ಮಹಿಳಾ ಸಂಘದವರ ಜನಪದ ಸಮೂಹ ನೃತ್ಯ ಸ್ಪರ್ಧೆ, ನಲವತ್ತೈದು ದಾಟಿದವರ ವಿಭಾಗ. ತಂಡಕ್ಕೆ ಎಂಟು ಜನ. ಅವಧಿ ಆರು ನಿಮಿಷ. ಹಾಡನ್ನು ಪೆನ್‌ಡ್ರೈವ್‌ನಲ್ಲಿ ತರತಕ್ಕದ್ದು. ನೃತ್ಯದ ಹಿನ್ನೆಲೆಯನ್ನು ನೂರು ಪದ ಮೀರದಂತೆ ಬರೆದುಕೊಡತಕ್ಕದ್ದು. ಕಾರ್ನರ್ ಮನೆಯವರು ಇದನ್ನು ನಮ್ಮ ಬೀದಿಯ ಗುಂಪಿಗೆ ಹಾಕಿದ್ದು ತಮಾಷೆಗೆ. ಬ್ಯಾಂಕಿನವರು ಅದಕ್ಕೊಂದು ಹೆಬ್ಬೆರಳು ಒತ್ತಿದರು. ಬ್ಯಾಂಕಿನಲ್ಲಿದ್ದವರು ಹೆಬ್ಬೆಟ್ಟು ಒತ್ತಿದ ಮೇಲೆ ಅದು ಪತ್ರವೇ ಆಯಿತಲ್ಲ. ಸಂಜೆಯ ಹೊತ್ತಿಗೆ ಎಂಟು ಹೆಬ್ಬೆರಳು.

ಯಾವ ಕುಣಿತ ಎಂಬ ಚರ್ಚೆ ನಮ್ಮ ಗೇಟಿನ ಮುಂದೆ ನಡೆಯಿತು. ಯಾರೋ ಡೊಳ್ಳು ಅಂದರು. ಡೊಳ್ಳು ಹೊರುವುದಿರಲಿ, ಅದರ ಪಕ್ಕ ನಿಂತರೇ ನಮ್ಮಲ್ಲಿ ಇಬ್ಬರಿಗೆ ತಲೆನೋವು. ಕಂಸಾಳೆ ಅಂದರು. ಅದು ಮಾದಪ್ಪನ ದೀಕ್ಷೆ ಹೊತ್ತ ದೇವರಗುಡ್ಡರ ಕೈಯ ಕಂಚು. ನಾವು ಬೀಸಿದರೆ ಮೊದಲು ಉದುರುವುದು ಪಕ್ಕದವರ ಹಲ್ಲು. ಎದುರು ಮನೆಯ ಸೊಸೆ ದಾಂಡಿಯಾ ಅಂದಾಗ ಅತ್ತೆ ಏನೂ ಹೇಳಲಿಲ್ಲ, ಸುಮ್ಮನೆ ಒಂದು ಸಲ ನೋಡಿದರು. ಅಷ್ಟರಲ್ಲಿ ಗೇಟಿನಾಚೆ ಕೂತು ಮೊಳ ಹಾಕುತ್ತಿದ್ದ ಹೂವಿನಮ್ಮ ತಲೆ ಎತ್ತದೆ ಅಂದರು:

“ಜಡೆ ಕೋಲಾಟ ಆಡ್ರವ್ವ. ಎಂಟು ಜನ ಇದ್ದೀರಲ್ಲ, ಸರಿಯಾಯ್ತದೆ.”

ಹೂವಿನಮ್ಮ ಗುಂಡ್ಲುಪೇಟೆ ಕಡೆಯ ಹಳ್ಳಿಯವರು. ದೇವರಾಜ ಮಾರುಕಟ್ಟೆಯಿಂದ ಬೆಳಗಿನ ಜಾವ ಬಿಡಿ ಹೂ ತಂದು, ನಮ್ಮ ಬೀದಿಯಲ್ಲಿ ಕಟ್ಟುತ್ತ ಮಾರುತ್ತ, ನಮ್ಮ ಮಕ್ಕಳೆಲ್ಲ ಹುಟ್ಟಿ ಬೆಳೆದು ಅಮೆರಿಕಕ್ಕೆ ಹೋಗುವುದನ್ನು ನೋಡಿದವರು. ಅವರ ಬೆರಳು ದಾರವಿಲ್ಲದೆ ಇದ್ದದ್ದನ್ನು ನಾನು ಕಂಡಿಲ್ಲ. ಮಾತಾಡುವಾಗಲೂ, ಜಗಳವಾಡುವಾಗಲೂ, ಚಿಲ್ಲರೆ ಎಣಿಸುವಾಗಲೂ ಒಂದು ಗಂಟು ಬೀಳುತ್ತಲೇ ಇರುತ್ತದೆ. ಅಂಥವರು ಜಡೆ ಕೋಲಾಟ ಅಂದರೆ ಅದರಲ್ಲಿ ಏನೋ ಇರಬೇಕು ಅನ್ನಿಸಿತು.

ನೋಡದವರಿಗೆ ಹೇಳಬೇಕು. ಮೇಲೆ ಒಂದು ಬಳೆ ತೂಗುಹಾಕಿ, ಅದರಿಂದ ಎಂಟು ಬಣ್ಣದ ಹಗ್ಗ ಇಳಿಬಿಡುತ್ತಾರೆ. ಒಬ್ಬೊಬ್ಬರ ಎಡಗೈ ಕೋಲಿಗೆ ಒಂದೊಂದು ಹಗ್ಗದ ತುದಿ. ಬಲಗೈಯಲ್ಲಿ ಇನ್ನೊಂದು ಕೋಲು. ನಾಲ್ವರು ಬಲಕ್ಕೆ ಸುತ್ತುತ್ತಾರೆ, ನಾಲ್ವರು ಎಡಕ್ಕೆ. ಎದುರಾದವರೊಡನೆ ಕೋಲು ಹೊಡೆದು, ಒಬ್ಬರ ಒಳಗಿಂದ, ಮುಂದಿನವರ ಹೊರಗಿಂದ ದಾಟಿಕೊಂಡು ಹೋಗುತ್ತಿದ್ದರೆ ಮೇಲೆ ತನ್ನಷ್ಟಕ್ಕೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ತಿರುಗಿ ಕುಣಿದು ಆ ಜಡೆಯನ್ನು ಬಿಚ್ಚಬೇಕು. ಇಷ್ಟೇ. ಇಷ್ಟೇ ಎಂದು ಮೊದಲ ದಿನ ನಾನೂ ಅಂದಿದ್ದೆ.

ಹಗ್ಗ ಅಂಗಡಿಯಿಂದ ತರೋಣ ಅಂದರೆ ಹೂವಿನಮ್ಮ ಒಪ್ಪಲಿಲ್ಲ. ನೈಲಾನು ಜಾರುತ್ತದೆ, ಸೆಣಬು ಕೈ ಕೊರೆಯುತ್ತದೆ. ಹಳೇ ಸೀರೆ ಉದ್ದಕ್ಕೆ ಸೀಳಿ ಹೊಸೆಯಬೇಕು. ಸೀರೆ ಐದೂವರೆ ಮೀಟರು, ಮೊಳದಲ್ಲಿ ಹನ್ನೆರಡು; ಗಂಟು ಹಾಕದೆ ಒಂದೇ ಪಟ್ಟಿ ಸಿಗುತ್ತದೆ. ಸರಿ, ಆಳಿಗೊಂದು ಸೀರೆ ತರಬೇಕು ಎಂದು ತೀರ್ಮಾನವಾಯಿತು.

ಬೀರು ತೆರೆದಾಗ ಗೊತ್ತಾಯಿತು, ಹಳೇ ಸೀರೆ ಎಂಬುದೊಂದು ಯಾರ ಮನೆಯಲ್ಲೂ ಇಲ್ಲ. ಇರುವುದೆಲ್ಲ ‘ಅವತ್ತು ಉಟ್ಟಿದ್ದ’ ಸೀರೆ. ಬ್ಯಾಂಕಿನವರು ಮೂರು ದಿನ ಹುಡುಕಿ ಬರಿಗೈಯಲ್ಲಿ ಬಂದರು. ಕೊನೆಗೆ ವರ್ಗಾವಣೆಯಾದಾಗ ಸಹೋದ್ಯೋಗಿಗಳು ಕೊಟ್ಟ, ಯಾವತ್ತೂ ಮನಸ್ಸಿಗೆ ಬಾರದ ಹಳದಿ ಸೀರೆಯೊಂದನ್ನು ತ್ಯಾಗ ಮಾಡಿದರು. ಎದುರು ಮನೆಯ ಅತ್ತೆ ತಮ್ಮ ಹದಿನೆಂಟು ಮೊಳದ ಸೀರೆ ತಂದು, ಅರ್ಧ ಸೀಳಿ ಇನ್ನರ್ಧ ವಾಪಸು ಕೊಡಿ ಅಂದರು. ಹುಬ್ಬಳ್ಳಿಯವರು ತಂದದ್ದು ಇಳಕಲ್ಲು. ಅದನ್ನು ಸೀಳಲು ಹೊರಟಾಗ, “ನಿಂದರ್ರೀ ನಿಂದರ್ರೀ, ಸೆರಗಿಗೂ ಮೈಗೂ ಅಲ್ಲಿ ಕೊಂಡಿ ಹಾಕಿರ್ತಾರ, ಅಲ್ಲೇ ಬಿಟ್ಟೀತು” ಎಂದು ಕೂಗಿಕೊಂಡರು. ಇಳಕಲ್ಲಿನಲ್ಲಿ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ ಎಂದು ನಾನು ಕಲಿತದ್ದು ಅವತ್ತು, ಅರವತ್ತೆರಡನೆಯ ವಯಸ್ಸಿನಲ್ಲಿ, ಕೈಯಲ್ಲಿ ಕತ್ತರಿ ಹಿಡಿದುಕೊಂಡು. ಸೆರಗನ್ನು ಬಿಟ್ಟು ಸೀಳಿದೆವು. ಹಗ್ಗ ಗಿಡ್ಡವಾಯಿತು. ಆ ಕೊರತೆಯನ್ನು ಅವರ ಉದ್ದನೆಯ ಕೈ ತುಂಬಿಕೊಟ್ಟಿತು.

ಮೈಸೂರು ರೇಷ್ಮೆಯ ಮಾತೇ ಬರಲಿಲ್ಲ. ಊರಿನಲ್ಲಿ 1912ರಿಂದ ರೇಷ್ಮೆ ನೇಯುವ ಕಾರ್ಖಾನೆ ಇದ್ದರೂ ಅದರ ಸೀರೆ ಸೀಳಿದವರು ಇದ್ದಾರೆಂದು ನಾನು ಕೇಳಿಲ್ಲ. ಅದು ಮಗಳಿಗೆ ಹೋಗುತ್ತದೆ, ಇಲ್ಲ ಮೊಮ್ಮಗಳಿಗೆ ಲಂಗವಾಗುತ್ತದೆ. ಕಾರ್ನರ್ ಮನೆಯವರು ಮಾತ್ರ ಎದೆಗಟ್ಟಿ ಮಾಡಿ ಎಂ.ಎಸ್. ನೀಲಿಯ ಕಂಚಿ ಸೀರೆಯೊಂದನ್ನು ತಂದರು. ಎಂ.ಎಸ್. ಸುಬ್ಬುಲಕ್ಷ್ಮಿಯವರಿಂದ ಹೆಸರು ಪಡೆದ ಆ ನೀಲಿ. ಮಡಿಕೆಯಲ್ಲೇ ಬಿರಿದುಹೋಗಿದೆ, ಇನ್ನು ಉಡುವ ಹಾಗಿಲ್ಲ ಅಂದರು. ಸೀಳುವಾಗ ಅವರು ಒಳಗೆ ಹೋಗಿ ಕಾಫಿ ಬೆರೆಸುತ್ತಿದ್ದರು. ಆ ಸದ್ದು ಹೊರಗೆ ಬಂದು ಕೇಳುವಂಥದ್ದಲ್ಲ.

ನಾನು ಕೊಟ್ಟದ್ದು ನೇರಳೆ ಬಣ್ಣದ ಹತ್ತಿ ಸೀರೆ. ಕೆಲಸಕ್ಕೆ ಸೇರಿದ ದಿನ ಉಟ್ಟಿದ್ದು. ಅಂಚಿನಲ್ಲಿ ಸೀಮೆಸುಣ್ಣದ ಪುಡಿ ಇದೆಯೇನೋ ಎಂದು ಒಂದು ಸಲ ಕೊಡವಿ ನೋಡಿದೆ. ಇರಲಿಲ್ಲ.

ಕೋಲಿನ ವಿಷಯ ಬೇಗ ಮುಗಿಯಿತು. ಸೊಸೆಯ ಹತ್ತಿರ ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಕೋಲುಗಳಿದ್ದವು, ನುಣುಪು, ಹಗುರ. ಹೂವಿನಮ್ಮ ಒಂದಕ್ಕೊಂದು ತಾಕಿಸಿ ನೋಡಿ, “ಇದು ಮಾತಾಡಕ್ಕಿಲ್ಲ, ಪಿಸುಗುಡ್ತದೆ” ಅಂದರು. ಮುಂದಿನ ವಾರ ಊರಿನಿಂದ ಬಗನಿ ಮರದ ಹದಿನಾರು ಕೋಲು ತರಿಸಿಕೊಟ್ಟರು. ಅವು ಮಾತಾಡಿದವು. ಪಾರ್ಕಿನ ಆ ತುದಿಯಲ್ಲಿ ಪ್ರಾಣಾಯಾಮ ಮಾಡುತ್ತಿದ್ದವರು ಈ ತುದಿಗೆ ಕಣ್ಣು ಬಿಟ್ಟರು.

ಅಭ್ಯಾಸ ದಿನಾ ಸಂಜೆ ನಾಲ್ಕೂವರೆಗೆ. ಕಾರ್ನರ್ ಮನೆಯ ಯಜಮಾನರು ವಿದ್ಯುತ್ ಇಲಾಖೆಯಲ್ಲಿ ಜೀವಮಾನವಿಡೀ ಕಂಬ ನೆಡಿಸಿ ನಿವೃತ್ತರಾದವರು. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ರಿಮ್ ತಂದು, ಎಂಟು ಕಡೆ ಕೊಕ್ಕೆ ಹಾಕಿ, ಹೊಂಗೆಯ ಕೊಂಬೆಗೆ ಹತ್ತಡಿ ಎತ್ತರದಲ್ಲಿ ತೂಗುಹಾಕಿಕೊಟ್ಟರು. ನಮ್ಮ ಬಾಲ್ಯದಲ್ಲಿ ಕೋಲಿನಿಂದ ಹೊಡೆದುಕೊಂಡು ಓಡಿಸುತ್ತಿದ್ದ ಚಕ್ರ ಅದು. ಈಗ ತಲೆಯ ಮೇಲೆ ಕಿರೀಟದ ಹಾಗೆ ನಿಂತಿತು.

ಒಳಗೆ ದಾಟುವವಳು ಬಗ್ಗಬೇಕು, ಹೊರಗೆ ದಾಟುವವಳು ಕೈ ಎತ್ತಿ ಹಗ್ಗಕ್ಕೆ ದಾರಿ ಕೊಡಬೇಕು. ಒಮ್ಮೆ ಬಗ್ಗು, ಒಮ್ಮೆ ಎತ್ತು. ಮಂಡಿ ನೋವಿನವರಿಗೆ ಬಗ್ಗುವುದು ಕಷ್ಟ, ಭುಜ ಹಿಡಿದವರಿಗೆ ಎತ್ತುವುದು ಕಷ್ಟ. ಎರಡೂ ಇದ್ದ ಮಹಡಿ ಮನೆಯವರಿಗೆ ಪಕ್ಷಪಾತವೇ ಇರಲಿಲ್ಲ. ಮೊದಲ ವಾರ ನಾವು ಕುಣಿಯಲಿಲ್ಲ, ಬರಿ ನಡೆದೆವು. ಪಾರ್ಕಿನಲ್ಲಿ ಸುತ್ತು ಹಾಕುವ ಗಂಡಸರು ಪ್ರತಿ ಸುತ್ತಿಗೂ ನಿಂತು ಒಂದೊಂದು ಸಲಹೆ ಕೊಟ್ಟರು. ಅವರಲ್ಲೊಬ್ಬರು, ಎಲ್ಲರೂ ಒಂದೇ ದಿಕ್ಕಿಗೆ ಹೋದರೆ ಡಿಕ್ಕಿ ತಪ್ಪುತ್ತದಲ್ಲ ಅಂದರು. ತಪ್ಪುತ್ತದೆ. ಜಡೆಯೂ ತಪ್ಪುತ್ತದೆ.

ನನ್ನ ಲೆಕ್ಕದ ತಲೆಗೆ ಎರಡನೆಯ ದಿನವೇ ಒಂದು ಸಂಗತಿ ಹೊಳೆಯಿತು. ನಾಲ್ವರು ಆ ಕಡೆ, ನಾಲ್ವರು ಈ ಕಡೆ. ಒಂದು ಪೂರ್ತಿ ಸುತ್ತಿಗೆ ಎದುರಿನ ನಾಲ್ವರನ್ನೂ ಎರಡೆರಡು ಸಲ ಸಂಧಿಸುತ್ತೇವೆ, ಒಟ್ಟು ಎಂಟು ದಾಟು. ನಾಲ್ಕು ಸಮಸಂಖ್ಯೆಯಾದ್ದರಿಂದ, ಒಬ್ಬರಿಗೆ ಮೊದಲ ಸಲ ಬಗ್ಗಿದರೆ ಎರಡನೆಯ ಸಲವೂ ಅವರಿಗೆ ಬಗ್ಗುವುದೇ ಬರುತ್ತದೆ. ಮೂರನೆಯ ಸಲವೂ. ಆಟ ಮುಗಿಯುವವರೆಗೂ. ಎದುರು ಮನೆಯ ಅತ್ತೆ ಬಲಕ್ಕೆ ಸುತ್ತುವವರು, ಸೊಸೆ ಎಡಕ್ಕೆ. ಇಬ್ಬರಲ್ಲಿ ಯಾರು ಯಾರಿಗೆ ಬಗ್ಗಬೇಕು ಎಂಬುದು ನಿಂತ ಜಾಗದಿಂದಲೇ ನಿಗದಿಯಾಗಿಹೋಗಿತ್ತು. ನಾವು ತಿಳಿಯದೆ ನಿಲ್ಲಿಸಿದ ಪ್ರಕಾರ ಅತ್ತೆಯೇ ಬಗ್ಗಬೇಕಾಗಿತ್ತು. ನಾನು ಈ ಪ್ರಮೇಯವನ್ನು ಯಾರಿಗೂ ಹೇಳದೆ ನುಂಗಿಕೊಂಡೆ. ಆದರೆ ಮೂರನೆಯ ದಿನ ಅತ್ತೆಯೇ, “ನನಗೆ ಆ ಕಡೆಯಿಂದ ಸುತ್ತೋದು ಅಭ್ಯಾಸ” ಎಂದು ಜಾಗ ಬದಲಾಯಿಸಿಕೊಂಡರು. ಲೆಕ್ಕ ಓದದವರಿಗೆ ಲೆಕ್ಕ ಬಾರದು ಎಂದು ಯಾರು ಹೇಳಿದ್ದು?

ಹೆಣೆಯುವುದು ಹತ್ತು ದಿನದಲ್ಲಿ ಬಂತು. ಮೂರು ಸುತ್ತು, ಇಪ್ಪತ್ತನಾಲ್ಕು ದಾಟು. ಅದು ಮೊದಲ ಸಲ ಕೂಡಿಬಂದ ಸಂಜೆ ಎಲ್ಲರೂ ನಿಂತು ತಲೆ ಎತ್ತಿ ನೋಡಿದೆವು. ನೀಲಿ, ಹಳದಿ, ಇಳಕಲ್ಲಿನ ಕೆಂಪು, ನನ್ನ ನೇರಳೆ, ಎಂಟು ಮನೆಯ ಬೀರುಗಳಿಂದ ಬಂದವು ಒಂದರೊಳಗೊಂದು ಹೊಕ್ಕು ಎರಡು ಮೊಳದ ಜಡೆಯಾಗಿ ತೂಗುತ್ತಿದ್ದವು. ಗಾಳಿಗೆ ಹೊಂಗೆಯ ಎಲೆ ಅಲುಗಿದರೆ ಜಡೆಯೂ ಅಲುಗುತ್ತಿತ್ತು. ಹುಬ್ಬಳ್ಳಿಯವರು, “ಎಷ್ಟ್ ಛಂದ ಐತ್ರೀ” ಅಂದರು. ಯಾರಿಗೂ ಮಂಡಿ ನೆನಪಾಗಲಿಲ್ಲ.

“ಈಗ ಬಿಚ್ಚಿ” ಅಂದರು ಹೂವಿನಮ್ಮ.

ತಿರುಗಿದೆವು, ಕುಣಿದೆವು, ನಾಲ್ಕನೇ ದಾಟಿಗೆ ಎಂಟೂ ಹಗ್ಗ ಸೇರಿ ಒಂದು ಉಂಡೆಯಾಗಿ ಕೂತಿತು. ಕಾರ್ನರ್ ಮನೆಯ ಯಜಮಾನರು ಸ್ಟೂಲು ಹತ್ತಿ ಇಪ್ಪತ್ತು ನಿಮಿಷ ಬಿಡಿಸಿದರು. ಮರುದಿನವೂ ಹಾಗೇ. ಅದರ ಮರುದಿನವೂ. ಹೂವಿನಮ್ಮ ಬೇಲಿ ಪಕ್ಕ ಕೂತು ಕನಕಾಂಬರ ಕಟ್ಟುತ್ತ, “ಹೆಣೆಯದು ಯಾರ್ ಬೇಕಾದ್ರೂ ಹೆಣೀತಾರೆ ಕಣವ್ವ” ಎಂದಷ್ಟೇ ಅಂದು ಸುಮ್ಮನಾದರು.

ಆ ರಾತ್ರಿ ನಾನು ಮಲಗಲಿಲ್ಲ. ಮೊಮ್ಮಗಳು ಬಿಟ್ಟುಹೋಗಿದ್ದ ರಿಬ್ಬನ್ನುಗಳನ್ನು ಕಿಟಕಿಯ ಸರಳಿಗೆ ಕಟ್ಟಿ, ತುದಿಗೆ ಎಂಟು ಚಮಚ ಸಿಕ್ಕಿಸಿ, ಊಟದ ಮೇಜಿನ ಮೇಲೆ ಕೋಲಾಟ ಆಡಿಸಿದೆ. ಒಂದೂವರೆ ಗಂಟೆಗೆ ಸಿಕ್ಕಿತು. ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಕಾಲಿಗೆ ರೂಢಿಯಾಗಿರುತ್ತದೆ. ಕೊನೆಯ ದಾಟು ಹೊರಗೆ ಆಗಿದ್ದರೆ, ತಿರುಗಿದ ಮೇಲೆ ‘ಈಗ ಒಳಗೆ’ ಎನ್ನುತ್ತದೆ ಕಾಲು. ತಪ್ಪಾಗುವುದು ಅಲ್ಲೇ. ತಿರುಗಿದ ಮೇಲಿನ ಮೊದಲ ದಾಟು ಹಿಂದಿನ ದಾಟಿನ ಹಾಗೆಯೇ ಇರಬೇಕು. ಹೊರಗೆ, ತಿರುಗು, ಮತ್ತೆ ಹೊರಗೆ. ಆಮೇಲೆ ಒಳಗೆ, ಹೊರಗೆ, ಮಾಮೂಲು. ಚಮಚಗಳು ಒಂದೊಂದಾಗಿ ಬಿಡಿಸಿಕೊಂಡು ಬಂದು ಎಂಟು ಕಡೆ ನಿಂತವು. ನಾನು ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಅವರು ಚಮಚ ಎಣಿಸಿ ಮಲಗಿದರು.

ಮರುದಿನ ಇದನ್ನು ಡ್ರಾಯಿಂಗ್ ಹಾಳೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸಿದೆ. ಎರಡು ಬಣ್ಣದ ಸ್ಕೆಚ್ ಪೆನ್ನು, ಬೆಸ ದಾಟು, ಸಮ ದಾಟು. ಮುಗಿಸಿ ನೋಡಿದರೆ ಏಳೂ ಮುಖಗಳಲ್ಲಿ ಮೂವತ್ತೊಂದು ವರ್ಷ ನಾನು ಹಿಂದಿನ ಬೆಂಚಿನಲ್ಲಿ ನೋಡಿದ್ದ ಅದೇ ಭಾವ. ಹೂವಿನಮ್ಮ ಎದ್ದು ಬಂದು ಹಾಳೆ ನೋಡಿದರು. ತಲೆಕೆಳಗಾಗಿ ಹಿಡಿದು ಇನ್ನೊಮ್ಮೆ ನೋಡಿದರು.

“ಎಣಿಸ್ಬ್ಯಾಡಿ ಕಣವ್ವ. ಮಕ ನೋಡಿ. ತಿರುಗಿದ್ರೆ ಯಾರ ಮಕ ಕಾಣ್ತದೋ ಅವರ್ನ ಈಗ್ತಾನೆ ದಾಟಿದ್ದು. ಅವರಿಗೆ ಬಗ್ಗಿದ್ರಾ, ಬಗ್ಗಿ. ಕೈ ಎತ್ತಿದ್ರಾ, ಎತ್ತಿ. ಯಾರಿಗೆ ಬಗ್ತೀರೋ ಅವರಿಗೇ ಯಾವತ್ತೂ ಬಗ್ಗದು. ಅಷ್ಟೇಯ.”

ಆ ಸಂಜೆಯೇ ಜಡೆ ಬಿಚ್ಚಿಕೊಂಡಿತು, ಹೂವಿನ ಎಸಳು ಉದುರಿದಷ್ಟು ಸಲೀಸಾಗಿ. ಪ್ರತಿಯೊಬ್ಬರಿಗೂ ನೆನಪಿಡಬೇಕಾದದ್ದು ನಾಲ್ಕು ಮುಖ ಮಾತ್ರ, ಇಬ್ಬರಿಗೆ ಬಗ್ಗು, ಇಬ್ಬರಿಗೆ ಎತ್ತು. ನಾನು ಬಗ್ಗಬೇಕಾದವರಲ್ಲಿ ಕಾರ್ನರ್ ಮನೆಯವರು ಒಬ್ಬರು. ಎಲ್ಲರೂ ಮುಖ ನೋಡಿಕೊಂಡು ಆಡತೊಡಗಿದರು. ನಾನು ತಲೆ ಆಡಿಸಿದೆ. ಮನಸ್ಸಿನಲ್ಲಿ ಮಾತ್ರ ಎಣಿಸುವುದನ್ನು ಬಿಡಲಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಕಂಡುಹಿಡಿದದ್ದನ್ನು ಹಾಗೆ ಬಿಟ್ಟುಕೊಡಲಾದೀತೆ?

ನೂರು ಪದದ ಟಿಪ್ಪಣಿ ನನ್ನ ಪಾಲಿಗೆ ಬಂತು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ 1968ರಿಂದ ಇರುವ ಜಾನಪದ ವಸ್ತುಸಂಗ್ರಹಾಲಯವನ್ನೂ, ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕವನ್ನೂ ಶಾಲಾ ಪ್ರವಾಸಗಳಲ್ಲಿ ನೋಡಿದ್ದೆ. ನೋಡಿದ್ದೆ ಅಂದರೆ, ಮಕ್ಕಳು ಏನನ್ನೂ ಮುಟ್ಟದಂತೆ ನೋಡಿಕೊಂಡಿದ್ದೆ. ಈಗ ಪುಸ್ತಕ ಹಿಡಿದು ಕೂತರೆ ಒಂದರ ಹಿಂದೊಂದು ಬಂತು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಸರಿದ್ದಾರೆ. ಇದೇ ಜಡೆಯ ಆಟ ತಮಿಳರಲ್ಲಿ ಪಿನ್ನಲ್ ಕೋಲಾಟ, ತೆಲುಗರಲ್ಲಿ ಜಡ ಕೋಲಾಟ, ಗೋವೆಯಲ್ಲಿ ಶಿಗ್ಮೋ ಹಬ್ಬಕ್ಕೆ ಗೋಫ್. ಯುರೋಪಿನವರು ಮೇ ತಿಂಗಳಲ್ಲಿ ಕಂಬ ನೆಟ್ಟು ಅದರ ಸುತ್ತ ಹೆಣೆಯುತ್ತಾರೆ. ಕೊಡಗಿನವರು, “ಹುತ್ತರಿಗೆ ನಮ್ಮ ಮಂದ್‌ನಲ್ಲಿ ಗಂಡಸರು ಕೋಲಾಟ ಆಡುತ್ತಾರೆ, ಅದನ್ನೂ ಸೇರಿಸಿ” ಅಂದರು. ಸೇರಿಸಿದೆ. ಮುನ್ನೂರ ನಲವತ್ತು ಪದ. ಹೂವಿನಮ್ಮನನ್ನು ಕೇಳಿದೆ, ಇದು ಎಲ್ಲಿಂದ ಬಂತು ಹೇಳಿ ಎಂದು. “ನಮ್ಮಜ್ಜಿ ಹೇಳ್ಕೊಟ್ಟದ್ದು” ಅಂದರು. ಕಡೆಗೆ ನೂರು ಪದದೊಳಗೆ ಅವರ ಅಜ್ಜಿಯೂ ಹಂಪಿಯೂ ಉಳಿದುಕೊಂಡರು. ಯುರೋಪು ಬಿದ್ದುಹೋಯಿತು.

ಇನ್ನು ಹಾಡು. ಹೂವಿನಮ್ಮನ ಹಾಡು ಮಾದಪ್ಪನ ಮೇಲಿನದು. ಅವರ ಊರಿನಲ್ಲಿ ಅದು ಊಟವಾದ ಮೇಲೆ ಶುರುವಾದರೆ ಕೋಳಿ ಕೂಗುವಾಗ ಮುಗಿಯುತ್ತಿತ್ತಂತೆ. ಆರು ನಿಮಿಷ ಎಂದಾಗ ನಂಬಲಿಲ್ಲ. “ಆರು ನಿಮಿಸಕ್ಕೆ ದೇವರು ಬಾಗಿಲಿಗೂ ಬರಕ್ಕಿಲ್ಲ” ಅಂದರು. ನನಗೂ ಇದು ಅನ್ಯಾಯ ಎನ್ನಿಸುತ್ತದೆ. ರಾತ್ರಿಯಿಡೀ ಮೆಲ್ಲಗೆ ಕಾಯಬೇಕಾದ ಆಟವನ್ನು ಆರು ನಿಮಿಷಕ್ಕೆ ಇಳಿಸುವುದೆಂದರೆ, ಹೆಸರುಬೇಳೆ ಪಾಯಸವನ್ನು ಮಾತ್ರೆ ಮಾಡಿ ನುಂಗಿಸಿದ ಹಾಗೆ. ಆದರೆ ಇಪ್ಪತ್ತಕ್ಕೂ ಹೆಚ್ಚು ತಂಡ ಬರುವಾಗ ಸಂಘದವರು ತಾನೇ ಏನು ಮಾಡಿಯಾರು?

ಧ್ವನಿಮುದ್ರಣ ನಮ್ಮ ಮನೆಯ ನಡುಮನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ದಿಂಬಿನ ಮೇಲೆ ಮೊಬೈಲು ಇಟ್ಟೆವು. ಹೂವಿನಮ್ಮ ಸೆರಗು ಸರಿಮಾಡಿಕೊಂಡು ಹಾಡಿದರು, ಸೊಸೆ ತಾಳಕ್ಕೆ ಕೋಲು ತಟ್ಟಿದರು. ಮೂರು ನಿಮಿಷ ಅದ್ಭುತವಾಗಿ ಬಂತು. ಆಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ನಾನು ಇಟ್ಟದ್ದನ್ನೇ ಮರೆತಿದ್ದೆ. ಹೂವಿನಮ್ಮ ನಿಲ್ಲಿಸಲಿಲ್ಲ, ಕೂಗಿನ ಮೇಲೇರಿ ಹಾಡಿದರು. ಒಲೆ ಆರಿಸೋಣವೆಂದು ಬೆಕ್ಕಿನ ಹೆಜ್ಜೆಯಲ್ಲಿ ಓಡಿದೆ. ಆದರೆ ತೊಗರಿಬೇಳೆಗೆ ಮೂರು ಕೂಗು ಬೇಕು. ಒಂದಕ್ಕೆ ಆರಿಸಿದರೆ ಬೇಳೆ ಕಾಳುಕಾಳಾಗಿ ಉಳಿದು ಸಾರು ಕೆಡುತ್ತದೆ. ಅದಕ್ಕೆ ಅಡುಗೆಮನೆಯ ಬಾಗಿಲು ಭದ್ರವಾಗಿ ಹಾಕಿ, ಸಂದಿಗೆ ಟವೆಲು ತುರುಕಿ ವಾಪಸು ಬಂದೆ.

ಕೇಳಿಸಿಕೊಂಡರೆ ಹಾಡು ಚೆನ್ನಾಗಿತ್ತು, ನಡುವೆ ಆ ಒಂದು ಕೂಗು. ಇನ್ನೊಮ್ಮೆ ಹಾಡಿಸಿದೆವು, ಅದು ಮೊದಲಿನ ಹಾಗೆ ಬರಲಿಲ್ಲ. ಆಗ ಕೊಡಗಿನವರಿಗೆ ಹೊಳೆಯಿತು: ಕೂಗು ಬಂದಿರುವುದು ಸರಿಯಾಗಿ ಇಪ್ಪತ್ತನಾಲ್ಕನೇ ದಾಟಿನ ಹೊತ್ತಿಗೆ. ತಿರುಗಲು ಒಂದು ಗುರುತು ಬೇಕಿತ್ತಲ್ಲ, ಇದಕ್ಕಿಂತ ಬೇಕೇ? ಅಂದಿನಿಂದ ನಮ್ಮ ಅಭ್ಯಾಸ ಆ ಕೂಗಿನ ಮೇಲೆ ನಿಂತಿತು. ಹೆಂಗಸರಿಗೆ ಕುಕ್ಕರ್ ಕೂಗಿದರೆ ತಿರುಗುವುದನ್ನು ಹೇಳಿಕೊಡಬೇಕಾಗಿಲ್ಲ. ನಾನು ನನ್ನೊಳಗೆ ಒಂದು ಸೂತ್ರ ಮಾಡಿಕೊಂಡೆ: ಕೂಗು ಬಂದರೆ ಹಿಂದಿನದನ್ನೇ ಇನ್ನೊಮ್ಮೆ.

ಉಡುಪಿನ ಜಗಳಗಳನ್ನು ಬಿಡುತ್ತೇನೆ. ನೆರಿಗೆ ಹಿಂದಕ್ಕೆ ಬರುವ ಕೊಡವ ಸೀರೆ ಉಟ್ಟರೆ ಬಗ್ಗುವಾಗ ಕಾಲಿಗೆ ಸಿಕ್ಕುವುದಿಲ್ಲ ಎಂಬ ಕೊಡಗಿನವರ ವಾದ ವೈಜ್ಞಾನಿಕವಾಗಿತ್ತು, ಬಹುಮತ ಮಾತ್ರ ಸಿಗಲಿಲ್ಲ.

ಸ್ಪರ್ಧೆಯ ದಿನ ಹತ್ತು ಗಂಟೆಗೆ ಬರಹೇಳಿದ್ದರು. ನಮ್ಮ ಸರದಿ ಹದಿನೇಳು. ಕಾರ್ನರ್ ಮನೆಯ ಯಜಮಾನರು ಹಿಂದಿನ ದಿನವೇ ಸಭಾಂಗಣಕ್ಕೆ ಹೋಗಿ, ಪರದೆಯ ಪೈಪಿನಿಂದ ಹಗ್ಗ ಬಿಟ್ಟು, ರಿಮ್ಮು ಹತ್ತಡಿಗೆ ಬರುವಂತೆ ಅಳತೆ ತೆಗೆದುಕೊಂಡು ಬಂದಿದ್ದರು. ಮಲ್ಲಿಗೆಯ ಕಾಲವಲ್ಲ; ಹೂವಿನಮ್ಮ ಕಾಕಡ, ಕನಕಾಂಬರ ಸೇರಿಸಿ ಎಂಟು ದಂಡೆ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹನ್ನೊಂದಕ್ಕೆ ಮುಡಿದೆವು. ಮೂರಕ್ಕೆ ಇನ್ನೂ ಒಂಬತ್ತನೆಯ ತಂಡ. ಮೊಸರನ್ನದ ಡಬ್ಬಿಗಳು ಖಾಲಿಯಾದವು, ಬಿಪಿ ಮಾತ್ರೆಗಳನ್ನು ಗಡಿಯಾರ ನೋಡಿ ನುಂಗಿದ್ದಾಯಿತು. ತುಟಿಯ ಬಣ್ಣ ಕಾಫಿ ಲೋಟಗಳಿಗೆ ಹೋಗಿತ್ತು. ಪಕ್ಕದ ತಂಡದ ಹೆಂಗಸೊಬ್ಬರು, ಪೂಜಾ ಕುಣಿತಕ್ಕೆ ಬಂದವರು, ಮಹಡಿ ಮನೆಯವರ ಮಂಡಿಗೆ ತಮ್ಮ ನೋವಿನ ಎಣ್ಣೆ ತಿಕ್ಕಿಕೊಟ್ಟರು. ಅವರಿಗೆ ಎರಡನೇ ಬಹುಮಾನ ಬಂತೆಂದು ಆಮೇಲೆ ತಿಳಿದು ನಮಗೆಲ್ಲ ಸಂತೋಷವಾಯಿತು.

ಐದೂವರೆಗೆ ಕರೆದರು. ಹಾಡು ಶುರುವಾಯಿತು. ಆಳೆತ್ತರದ ಪೆಟ್ಟಿಗೆಗಳಲ್ಲಿ ಹೂವಿನಮ್ಮನ ದನಿ ಬಂದಾಗ, ಸಭೆಯ ಹಿಂದೆ ನಿಂತಿದ್ದ ಹೂವಿನಮ್ಮನೇ ಬೆಚ್ಚಿಬಿದ್ದರಂತೆ. ಬಗ್ಗಿದೆವು, ಎತ್ತಿದೆವು, ಕೋಲು ಮಾತಾಡಿತು. ಜಡೆ ಎರಡು ಮೊಳ ಇಳಿಯಿತು. ಕುಕ್ಕರ್ ಕೂಗಿತು. ಸಭೆ ಘೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ನಾವು ತಿರುಗಿದೆವು. ಬಿಚ್ಚತೊಡಗಿತು. ಒಂದು, ಎರಡು, ಮೂರು ಎಂದು ನಾನು ಒಳಗೊಳಗೆ. ಹದಿನೇಳು, ಕೈ ಎತ್ತಿದೆ. ಇನ್ನು ಏಳೇ ದಾಟು.

ಆಗ ಎರಡನೇ ಕೂಗು ಬಂತು.

ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಐದು ವಾರ ನಮಗ್ಯಾರಿಗೂ ಕೇಳಿಸದೇ ಇದ್ದದ್ದು, ಮುಚ್ಚಿದ ಬಾಗಿಲು, ಟವೆಲು ಎರಡನ್ನೂ ದಾಟಿ, ಆ ದೊಡ್ಡ ಪೆಟ್ಟಿಗೆಗಳಲ್ಲಿ ರೈಲಿನ ಹಾಗೆ ಕೂಗಿತು. ಬೇಳೆ ತನ್ನ ಲೆಕ್ಕ ಪೂರೈಸುತ್ತಿತ್ತು. ಮುಖ ನೋಡಿಕೊಂಡು ಆಡುತ್ತಿದ್ದ ಏಳು ಜನಕ್ಕೆ ಏನೂ ಆಗಲಿಲ್ಲ. ಎದುರಿನ ಮುಖ ಇದ್ದಲ್ಲೇ ಇತ್ತಲ್ಲ. ಕೂಗು ಬಂದರೆ ಹಿಂದಿನದನ್ನೇ ಇನ್ನೊಮ್ಮೆ ಎಂದು ಪಾಠವಾಗಿದ್ದ ನನಗೆ ತಿರುಗಬಾರದೆಂಬಷ್ಟು ಬುದ್ಧಿ ಕಾಲಿನಲ್ಲಿ ಉಳಿದಿತ್ತು. ಕೈಯಲ್ಲಿ ಉಳಿದಿರಲಿಲ್ಲ. ಬಗ್ಗಬೇಕಾದಲ್ಲಿ ಮತ್ತೆ ಕೈ ಎತ್ತಿದೆ. ಎದುರಿಗೆ ಕಾರ್ನರ್ ಮನೆಯವರು, ಎಂದಿನಂತೆ ಕೈ ಎತ್ತಿಕೊಂಡು. ಇಬ್ಬರೂ ಎತ್ತಿದ ಕೈಯಲ್ಲಿ ಎದುರುಬದುರು. ಅವರು “ಅಯ್ಯೋ” ಎಂದು ಬಗ್ಗಿ ನನ್ನ ಹಗ್ಗದ ಅಡಿಯಿಂದ ನುಸುಳಿದರು. ಆ ‘ಅಯ್ಯೋ’ ಮೂರನೆಯ ಸಾಲಿನವರೆಗೂ ಕೇಳಿಸಿತಂತೆ.

ಜಡೆ ಅಲ್ಲೇ ನಿಂತಿತು. ಮುಕ್ಕಾಲು ಮೊಳ ಬಿಚ್ಚದೆ ಉಳಿಯಿತು. ನಾವು ಹಗ್ಗ ಹಿಡಿದುಕೊಂಡೇ ಸುತ್ತ ಕುಣಿದು, ಗಂಟೆ ಬಾರಿಸಿದಾಗ ಕೈಮುಗಿದೆವು. ತೀರ್ಪುಗಾರರಲ್ಲಿ ಒಬ್ಬರು ಕುಕ್ಕರಿನ ಕೂಗನ್ನು ಒಳ್ಳೆಯ ಪ್ರಯೋಗ ಎಂದು ಮೆಚ್ಚಿ, ಬಿಚ್ಚುವ ಭಾಗ ಅಪೂರ್ಣ ಎಂದು ಅಂಕ ಕಳೆದರು. ಎರಡೂ ನ್ಯಾಯವೇ. ಹದಿನೆಂಟನೆಯ ತಂಡ ಕಾಯುತ್ತಿತ್ತು. ರಿಮ್ಮು ಸಮೇತ ಕೆಳಗಿಳಿಸಿ ಹೂವಿನಮ್ಮನ ಬುಟ್ಟಿಯಲ್ಲಿ ಹಾಕಿಕೊಂಡು ಗೂಡ್ಸ್ ಆಟೋದಲ್ಲಿ ಮನೆಗೆ ಬಂದೆವು.

ಆಟೋದಲ್ಲೇ ಮಾತು ಶುರುವಾಗಿತ್ತು. ಬಗ್ಗಿದವರು ಕಾರ್ನರ್ ಮನೆಯವರು, ‘ಅಯ್ಯೋ’ ಅಂದವರೂ ಅವರೇ. “ಪಾಪ, ನೀವು ಬಗ್ಗಬಾರದಾಗಿತ್ತು” ಅಂದರು ಬ್ಯಾಂಕಿನವರು, ಮೃದುವಾಗಿ. “ನನಗೇನೋ ಮಂಕು ಕವಿಯಿತು” ಅಂದರು ಕಾರ್ನರ್ ಮನೆಯವರು. ನಾನು ಆಟೋದ ಕಂಬಿ ಹಿಡಿದುಕೊಂಡು ರಸ್ತೆ ನೋಡುತ್ತಿದ್ದೆ. ಮರುದಿನ ಹೇಳೋಣ ಅಂದುಕೊಂಡೆ. ಮರುದಿನ ಅವರು ಅವಲಕ್ಕಿ ಉಪ್ಪಿಟ್ಟು ತಂದುಕೊಟ್ಟರು, ಹೇಳುವುದು ಇನ್ನೂ ಕಷ್ಟವಾಯಿತು.

ಒಂದು ವಾರ ಕಳೆದ ಮೇಲೆ ಹೂವಿನಮ್ಮ, ಗಂಟು ಹಾಗೇ ಇರಬಾರದು, ಸೀರೆಗಳಿಗೆ ಒಳ್ಳೇದಲ್ಲ ಅಂದರು. ಮತ್ತೆ ಹೊಂಗೆಯ ಕೊಂಬೆ, ರಿಮ್ಮು, ಎಂಟು ಜನ. ಹೂವಿನಮ್ಮ ಸ್ಟೂಲು ಹತ್ತಲಿಲ್ಲ. ಕೆಳಗೆ ನಿಂತೇ ಜಡೆಯ ತುದಿಯನ್ನು ಬೆರಳಿನಿಂದ ಹೊರಳಿಸಿ ಹೊರಳಿಸಿ ನೋಡಿದರು. ಮೇಲೆಲ್ಲ ನೀಲಿಯ ಅಡಿಗೆ ಹೋಗಿದ್ದ ನೇರಳೆ ಅಲ್ಲೊಂದು ಕಡೆ ಮಾತ್ರ ನೀಲಿಯ ಮೇಲೆ ಕೂತಿತ್ತು.

“ಇದು ಬಗ್ಗಬೇಕಿತ್ತು” ಅಂದರು ನೇರಳೆ ಹಿಡಿದು.

ಕಾರ್ನರ್ ಮನೆಯವರು ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ, ಏನೂ ಅನ್ನಲಿಲ್ಲ. ಹೂವಿನಮ್ಮ ನಮ್ಮಿಬ್ಬರ ಹಗ್ಗವನ್ನು ಒಂದು ಸಲ ಹಿಂದಕ್ಕೆ ದಾಟಿಸಿ, ತುದಿಗಳನ್ನು ನಮ್ಮ ನಮ್ಮ ಕೈಗೆ ಕೊಟ್ಟು, ನನ್ನ ಕಡೆಗೆ ಬಾಗಿ ನನಗಷ್ಟೇ ಕೇಳುವಂತೆ ಅಂದರು:

“ಮೇಷ್ಟ್ರಮ್ಮ, ಇನ್ನೂವೇ ಎಣಿಸ್ತಾ ಇದ್ದೀರಾ?”

“ಇಲ್ಲಪ್ಪ” ಅಂದೆ.

ಕೋಲು ಎತ್ತಿದೆವು. ಎದುರಿಗೆ ಕಾರ್ನರ್ ಮನೆಯವರ ಮುಖ. ಬಗ್ಗಿದೆ.

ಹದಿನೆಂಟು.